ಎಂಟು ಮಳೆಗಾಲ ಕಂಡ ಸ್ಪ್ಲೆಂಡರ್

ಪ್ರಶ್ನೆ: ಸರ್, ಅಪ್ಪನ 2003ರ ಹೀರೋ ಹೋಂಡಾ ಸ್ಪ್ಲೆಂಡರ್ ಎಂಟು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇದೆ. ಕಿಕ್ ತುಂಬ ಬಿಗಿ. ಪ್ಲಗ್ ತೆಗೆದು ತೆಂಗಿನೆಣ್ಣೆ ಬಿಟ್ಟು ಜೋರಾಗಿ ಹೊಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮನೆಯಲ್ಲೇ ಸರಿ ಮಾಡಬಹುದಾ, ಇಲ್ಲ ಗುಜರಿಗೆ ಕೊಡೋದೇ ವಾಸಿಯಾ?
– ಓದುಗರೊಬ್ಬರು, ಕಾಪು

ಉತ್ತರ: ಗುಜರಿಗೆ ಬೇಡ. ಆದರೆ ಮೊದಲು ಕಿಕ್ ಹೊಡೆಯೋದು ನಿಲ್ಲಿಸಿ ಮಾರಾಯ್ರೇ. ಕಡಲ ಬದಿಯ ಉಪ್ಪುಗಾಳಿಗೆ ಒಳಗೆ ಪಿಸ್ಟನ್ ರಿಂಗಿಗೆ ತುಕ್ಕು ಹಿಡಿದಿರಬಹುದು, ಜೋರು ಮಾಡಿದರೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಗೀರಿಹೋಗುತ್ತದೆ, ಆಮೇಲೆ ಖರ್ಚು ಜಾಸ್ತಿ. ತೆಂಗಿನೆಣ್ಣೆ ದೋಸೆಗೆ ಇರಲಿ, ಅದು ಒಳಗೆ ಅಂಟಾಗುತ್ತದೆ. ಪ್ಲಗ್ ತೆಗೆದು ಒಂದೆರಡು ಚಮಚ ಎಂಜಿನ್ ಆಯಿಲ್ ಬಿಡಿ, ಒಂದೆರಡು ದಿನ ಹಾಗೇ ಇರಲಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲ ತಿರುಗಿಸಿ. ಎಂಜಿನ್ ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಿರಿ. ತಿರುಗದಿದ್ದರೆ ಟೆಂಪೋದಲ್ಲಿ ಹಾಕಿ ಗ್ಯಾರೇಜಿಗೆ ಕಳಿಸಿ, ಮನೆಯಲ್ಲಿ ಒದ್ದಾಡಬೇಡಿ.

ಇನ್ನು ಟ್ಯಾಂಕ್. ನಿಜವಾದ ತಲೆನೋವು ಇಲ್ಲೇ. ಆ ಪೆಟ್ರೋಲ್ ಈಗ ವಾರ್ನಿಶ್ ವಾಸನೆ ಹೊಡೀತಾ ಇರಬೇಕು, ಅಲ್ವಾ? ಬಯಲಲ್ಲಿ, ಒಲೆಯಿಂದ ದೂರ, ಪೂರ್ತಿ ಕ್ಯಾನಿಗೆ ಇಳಿಸಿ. ಬಾವಿಕಟ್ಟೆ ಹತ್ತಿರ ಮಾತ್ರ ಚೆಲ್ಲಬೇಡಿ. ಅರ್ಧ ಖಾಲಿ ಟ್ಯಾಂಕಿನ ಮೇಲ್ಭಾಗದಲ್ಲಿ ಮಳೆಗಾಲದ ತೇವ ಕೂತು ತುಕ್ಕು ಬಂದೇ ಬಂದಿರುತ್ತದೆ, ಟಾರ್ಚ್ ಹಾಕಿ ನೋಡಿ. ಸ್ವಲ್ಪ ತುಕ್ಕಾದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಬಿಚ್ಚಿ ತೂತು ಮುಚ್ಚಿ, ಬಿಳಿ ವಿನೆಗರ್ ತುಂಬಿಸಿ ಒಂದು ದಿನ ಇಡಿ. ಆಮೇಲೆ ಅಡುಗೆ ಸೋಡಾ ನೀರು, ಮತ್ತೆ ಬರೀ ನೀರು, ಒಳ್ಳೆ ಬಿಸಿಲು. ಒಣಗಿದ ಕೂಡಲೇ ಒಂಚೂರು ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ, ಇಲ್ಲದಿದ್ದರೆ ಮರುದಿನವೇ ತುಕ್ಕು ವಾಪಸ್.

ಕಾರ್ಬ್ಯುರೇಟರ್‌ನ ಕೆಳಗಿನ ಬಟ್ಟಲು (ಬೌಲ್) ಬಿಚ್ಚಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ತೊಳೆಯಿರಿ. ಅದರೊಳಗಿನ ಸ್ಲೋ ಜೆಟ್ಟಿನ (ಐಡಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ನಳಿಗೆ) ತೂತಿಗೆ ತಂತಿ ಚುಚ್ಚಬೇಡಿ, ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಗಾಳದ ಸಪೂರ ನೈಲಾನ್ ದಾರ ಸಾಕು, ಕಾಪುವಿನಲ್ಲಿ ಅದಕ್ಕೇನು ಬರ? ಏರ್ ಫಿಲ್ಟರ್ ಹೊಸದು ಹಾಕಿ, ಇಲಿ ಗೂಡು ಇದ್ದೇ ಇರುತ್ತದೆ. ಎಂಜಿನ್ ಆಯಿಲ್ (10ಡಬ್ಲ್ಯೂ 30, ಒಂದು ಲೀಟರಿಗೆ ಸ್ವಲ್ಪ ಕಡಿಮೆ) ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿ, ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಬ್ಯಾಟರಿ ಸತ್ತಿರುತ್ತದೆ, ಹೊಸದು ತನ್ನಿ.

ಸ್ಟಾರ್ಟ್ ಆಯಿತು ಅಂತ ಖುಷಿಯಲ್ಲಿ ಹೈವೇ 66ಕ್ಕೆ ಇಳಿಯಬೇಡಿ. ಎರಡೂ ಡ್ರಮ್ ಬಿಚ್ಚಿ ಬ್ರೇಕ್ ಶೂ ನೋಡಿ, ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೇಬಲ್‌ಗಳು ಹೊಸದೇ ಇರಲಿ. ಟಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 1816 ಅಂದರೆ 2016ರ 18ನೇ ವಾರದ್ದು. ಟಯರಿನ ಮೇಲಿನ ಗೀರು ಎಷ್ಟೇ ಆಳ ಕಂಡರೂ ಅಷ್ಟು ಹಳೆಯ ಟಯರ್ ಬೇಡ.

ಇದಕ್ಕೆಲ್ಲ ದುಡ್ಡು ಹಾಕುವ ಮೊದಲು ಆರ್‌ಸಿ ತೆಗೆದು ನೋಡಿ. ನೋಂದಣಿಯ 15 ವರ್ಷ 2018ಕ್ಕೇ ಮುಗಿದಿದೆ. ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೆ ರಿನ್ಯೂವಲ್ ಮಾಡಿಸಬೇಕು. ತಡವಾಗಿದ್ದಕ್ಕೆ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್, ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟ್ ಎಲ್ಲ ಸೇರಿದರೆ ರಿಪೇರಿಗಿಂತ ಕಾಗದಪತ್ರದ ಖರ್ಚೇ ಜಾಸ್ತಿಯಾದರೂ ಆಶ್ಚರ್ಯವಿಲ್ಲ. ಮೊದಲು ಅಲ್ಲಿ ಹೋಗಿ ಲೆಕ್ಕ ಕೇಳಿಕೊಂಡು ಬನ್ನಿ.

ಪ್ರಶ್ನೆ: ಒಂದು ವರ್ಷ ದುಬೈಗೆ ಹೋಗುತ್ತಿದ್ದೇನೆ. ಬೈಕನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಲು ತಮ್ಮನಿಗೆ ಹೇಳಿದರೆ ಸಾಕಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಸುಮ್ನೆ ನಿಲ್ಲಿಸಿ ಐದು ನಿಮಿಷ ಸ್ಟಾರ್ಟ್ ಮಾಡುವುದು ಬೇಡ. ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರು ಸೇರುತ್ತದೆ. ತಮ್ಮ ಹತ್ತಿಪ್ಪತ್ತು ನಿಮಿಷ ಓಡಿಸುವುದಾದರೆ ಸರಿ. ಇಲ್ಲದಿದ್ದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿ, ಟ್ಯಾಂಕಿನ ಒಳಗೆ ಆಯಿಲ್ ಸವರುವ ಹಾಗೆ ಕುಲುಕಿ, ಬ್ಯಾಟರಿ ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿಡಿ. ಟಾರ್ಪಾಲ್ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೇ ಬೆಡ್‌ಶೀಟ್ ಹೊದಿಸಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಹಾಗೆ ತುರುಕಿದ್ದೀರಿ ಅಂತ ಒಂದು ಚೀಟಿ ಬರೆದು ಕೀಗೆ ಕಟ್ಟಿಡಿ.