ಕುಡಿತ ಬಿಡಿಸೋಕೆ ಬೆಂಗಳೂರಿಗೇ ಹೋಗ್ಬೇಕಾ?

ಈ ತಿಂಗಳು ಬಂದಿರೋ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಕುಡಿತದ್ದೇ. ಎಲ್ಲಾ ಹಾಕೋಕೆ ಜಾಗ ಇಲ್ಲ, ನಾಲ್ಕು ಆರಿಸ್ಕೊಂಡಿದ್ದೀನಿ. ಹೆಸರು ಯಾರದ್ದೂ ಹಾಕಿಲ್ಲ. ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಕೌನ್ಸೆಲರ್ ಆಗಿದ್ದವಳು, ಡಾಕ್ಟರ್ ಅಲ್ಲ. ಮಾತ್ರೆ ಯಾವುದು ಎಷ್ಟು ಅಂತ ನನ್ನನ್ನ ಕೇಳ್ಬೇಡಿ, ಎಲ್ಲಿ ಹೋಗ್ಬೇಕು ಹೇಗೆ ಹೋಗ್ಬೇಕು ಅಂತ ಕೇಳಿ.

ಪ್ರಶ್ನೆ: ಅಕ್ಕಾ, ನಮ್ದು ಹೊಸದುರ್ಗ ತಾಲೂಕಿನ ಒಂದು ಹಳ್ಳಿ. ನಮ್ಮೆಜಮಾನ್ರು ಗಾರೆ ಕೆಲಸ ಮಾಡ್ತಾರೆ. ನಾಲ್ಕು ವರ್ಷದಿಂದ ಬೆಳಗ್ಗೆ ಮುಖ ತೊಳೆಯೋಕೆ ಮುಂಚೆ ಒಂದು ನೈಂಟಿ ಬೇಕೇ ಬೇಕು, ಇಲ್ಲಾಂದ್ರೆ ಟೀ ಲೋಟ ಹಿಡಿಯೋಕಾಗಲ್ಲ, ನಡುಗಿ ಚೆಲ್ಲುತ್ತೆ. ಹೋದ ವರ್ಷ ಅಯ್ಯಪ್ಪನ ಮಾಲೆ ಹಾಕ್ತೀನಿ ಅಂತ ಒಂದೇ ಸಲ ಬಿಟ್ರು. ಎರಡನೇ ದಿನ ಫಿಟ್ಸ್ ಬಂತು, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ವಿ. ಮೂರನೇ ದಿನ ರಾತ್ರಿ ಮೈಮೇಲೆ ಇರುವೆ ಇರುವೆ ಅಂತ ಕೊಡವೋದು, ಕೂತಲ್ಲೇ ಗಾಳೀಲಿ ಇಟ್ಟಿಗೆ ಇಟ್ಟು ಕರಣೆಯಲ್ಲಿ ಗಾರೆ ಸವರಿದಂಗೆ ಮಾಡೋದು, ನನ್ನನ್ನೇ ಯಾರು ನೀನು ಅಂದ್ರು. ಅತ್ತೆ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದ್ರು. ಕೊನೆಗೆ ಮೈದುನ ಒಂದು ಕ್ವಾರ್ಟರ್ ತಂದು ಕುಡಿಸಿದ, ಸ್ವಲ್ಪ ಸಮಾಧಾನ ಆಯ್ತು. ಆಮೇಲೆ ಶುರುವಾಗಿದ್ದು ನಿಂತಿಲ್ಲ. ಈಗ ಅವರೇ ಬಿಡ್ಬೇಕು ಅಂತಾರೆ, ಆದ್ರೆ ಆ ಮೂರು ದಿನ ನೆನೆಸ್ಕೊಂಡು ಹೆದರ್ತಾರೆ. ಬೆಂಗಳೂರಿನ ಸೆಂಟರ್‌ಗೆ ಹಾಕು ಅಂತಾರೆ ನೆಂಟರು. ದುಡ್ಡೆಲ್ಲಿಂದ ತರ್ಲಿ?

ಉತ್ತರ: ತಂಗೀ, ನಿಮ್ಮ ಪತ್ರ ಓದಿ ನಾನು ಎರಡು ಸಲ ಎದ್ದು ಓಡಾಡಿದೆ. ಅವರಿಗೆ ಗಾಳಿ ಸೋಕಿರ್ಲಿಲ್ಲ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದಾಗ ಹಾಗೆ ಆಗುತ್ತೆ. ಮೊದಲ ದಿನವೇ ನಡುಕ, ಬೆವರು, ಎರಡು ದಿನದ ಒಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಹಗಲು ರಾತ್ರಿ ಗೊತ್ತಾಗದ ಹಾಗೆ ಭ್ರಮೆ. ಆ ಸ್ಥಿತೀಲಿ ಮನುಷ್ಯ ತನ್ನ ದಿನನಿತ್ಯದ ಕೆಲಸವನ್ನೇ ಮಾಡ್ತಾನೆ, ಡ್ರೈವರ್ ಆದ್ರೆ ಸ್ಟೇರಿಂಗ್ ತಿರುಗಿಸ್ತಾನೆ, ನಿಮ್ಮವರು ಗೋಡೆ ಕಟ್ಟಿದ್ರು. ಚಿಕಿತ್ಸೆ ಇಲ್ದಿದ್ರೆ ಜೀವ ಹೋಗೋದೂ ಇದೆ. ಅದಕ್ಕೇ ಮೊದಲ ಮಾತು, ಆಸ್ಪತ್ರೆ ಬಾಗಿಲು ಸೇರೋ ತನಕ ಒಂದೇ ಏಟಿಗೆ ನಿಲ್ಲಿಸ್ಬೇಡಿ. ಕುಡಿತ ಬಿಡಿಸೋ ಬಗ್ಗೆ ಬರೆಯೋಳು ನಿಲ್ಲಿಸ್ಬೇಡಿ ಅಂತಾಳಲ್ಲ ಅಂತ ಯಾರಾದ್ರೂ ಬೈದ್ರೆ ಬೈಲಿ. ಬೆಳಗ್ಗೆ ಕೈ ನಡುಗೋರಿಗೆ, ಹಿಂದೆ ಫಿಟ್ಸ್ ಬಂದೋರಿಗೆ ಈ ಮಾತು, ವಾರಕ್ಕೊಂದು ಸಲ ಕುಡಿಯೋರು ನೆಪ ಮಾಡ್ಕೊಳ್ಳೋದು ಬೇಡ.

ಬೆಂಗಳೂರು ಬೇಡ. ನಿಮ್ಮ ತಾಲೂಕು ಆಸ್ಪತ್ರೆಗೇ ಹೋಗಿ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ನೋಡೋ ವ್ಯವಸ್ಥೆ. ಹಳ್ಳಿಯವರಿಗೆ ಹೇಳಿದ್ರೆ ಅದು ಹುಚ್ಚಿನ ಡಾಕ್ಟರ್ ಅಲ್ವಾ ಅಂತಾರೆ, ಅಲ್ಲ ಮಾರಾಯ್ರೇ, ಕುಡಿತಕ್ಕೂ ಅವರೇ. ಜಿಲ್ಲೆಯ ಟೀಮ್ ಒಂದೊಂದು ವಾರ ಒಂದೊಂದು ತಾಲೂಕಿಗೆ ಹೋಗೋದೂ ಇರುತ್ತೆ, ಹಾಗಾಗಿ ನಿಮ್ಮೂರಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಗೆ ಹೇಳಿ ಕೇಳಿಸ್ಕೊಳ್ಳಿ, ಅವರಿಗೆ ಗೊತ್ತಿಲ್ದಿದ್ರೂ ಪಿಎಚ್‌ಸಿಯಲ್ಲಿ ವಿಚಾರಿಸ್ತಾರೆ. ಡಾಕ್ಟ್ರ ಮುಂದೆ ಫಿಟ್ಸ್ ಬಂದಿದ್ದು, ಗಾಳೀಲಿ ಗೋಡೆ ಕಟ್ಟಿದ್ದು ಎರಡನ್ನೂ ಹೇಳ್ಲೇಬೇಕು, ನಾಚ್ಕೊಂಡು ಬಿಟ್ಟುಬಿಡ್ಬೇಡಿ, ಯಾಕಂದ್ರೆ ಒಂದು ಸಲ ಹಾಗಾದೋರಿಗೆ ಮತ್ತೆ ಆಗೋ ಸಾಧ್ಯತೆ ಜಾಸ್ತಿ, ಅವರನ್ನ ಮನೇಲಿಟ್ಟು ಬಿಡಿಸೋಕಾಗಲ್ಲ, ಅಡ್ಮಿಟ್ ಮಾಡ್ಕೊಳ್ಬೇಕು. ತಾಲೂಕಿನಲ್ಲಿ ಆಗಲ್ಲ ಅಂದ್ರೆ ಜಿಲ್ಲಾಸ್ಪತ್ರೆಗೆ ಚೀಟಿ ಬರ್ಕೊಡ್ತಾರೆ. ನಡುಕ, ಫಿಟ್ಸ್ ತಡೆಯೋಕೆ ಮಾತ್ರೆ ಕೊಟ್ಟು ದಿನದಿನಕ್ಕೂ ಕಮ್ಮಿ ಮಾಡ್ತಾ ಬರ್ತಾರೆ, ಸಾಮಾನ್ಯವಾಗಿ ಒಂದು ವಾರದಲ್ಲಿ ಮೈ ಹತೋಟಿಗೆ ಬರುತ್ತೆ. ಮಧ್ಯರಾತ್ರಿ ಏನಾದ್ರೂ ಆದ್ರೆ 108ಕ್ಕೆ ಫೋನ್ ಮಾಡಿ, ಬೀಗದ ಕೈ ಹುಡುಕ್ಬೇಡಿ.

ಇನ್ನೊಂದು. ಊರಲ್ಲಿ ಸುಸ್ತು ಅಂದ ತಕ್ಷಣ ಗ್ಲೂಕೋಸ್ ಬಾಟ್ಲಿ ಏರಿಸೋರು ಇರ್ತಾರೆ. ಬಹಳ ವರ್ಷ ಕುಡಿದು ಊಟ ಬಿಟ್ಟ ಮೈಯಲ್ಲಿ ಬಿ1 ವಿಟಮಿನ್ ಬರಿದಾಗಿರುತ್ತೆ, ಅದನ್ನ ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಮಿದುಳಿಗೇ ಪೆಟ್ಟು ಬೀಳಬಹುದು. ಇವರು ದಿನಾ ಕುಡೀತಾರೆ ಅಂತ ನೀವೇ ಮುಂದೆ ಬಿದ್ದು ಹೇಳಿ.

ದೂರದ ದೊಡ್ಡ ಸೆಂಟರ್ ಬಗ್ಗೆ ಹೇಳ್ತೀನಿ. ನಮ್ಮ ಚಿಕ್ಕಪ್ಪನ್ನ ಹಾಗೇ ಒಂದು ಕಡೆ ಮೂರು ತಿಂಗಳು ಇಟ್ಟಿದ್ವಿ, ಅಡಿಕೆ ಮಾರಿದ ದುಡ್ಡಷ್ಟೂ ಹೋಯ್ತು, ಕೆಂಪಗೆ ಗುಂಡಗೆ ಆಗಿ ಬಂದ್ರು, ಬಸ್ ಇಳಿದೋರು ಮನೆಗೆ ಬರೋ ಮುಂಚೆ ಸ್ಟ್ಯಾಂಡ್ ಹಿಂದಿನ ವೈನ್ ಶಾಪ್‌ಗೆ ಹೋಗಿ ಬಂದ್ರು. ಆ ಸೆಂಟರ್‌ನವರು ಕೆಟ್ಟೋರು ಅಂತಲ್ಲ. ವಾಪಸ್ ಬಂದ ಮೇಲೆ ತಿಂಗಳಿಗೊಂದು ಸಲ ಹೋಗಿ ಮುಖ ತೋರಿಸೋಕೆ, ಮಾತ್ರೆ ಇಸ್ಕೊಳ್ಳೋಕೆ, ಇವತ್ತು ಆಸೆ ಆಗ್ತಿದೆ ಸಾರ್ ಅಂತ ಹೇಳೋಕೆ ಹತ್ತಿರದಲ್ಲಿ ಯಾರೂ ಇರ್ಲಿಲ್ಲ. ನಾನು ಈಗ ಯಾರು ಕೇಳಿದ್ರೂ ಅದನ್ನೇ ಹೇಳೋದು, ಒಂದೇ ಬಸ್ಸಲ್ಲಿ ಹೋಗಿ ಸಂಜೆಗೆ ವಾಪಸ್ ಬರೋಕಾಗೋ ಜಾಗ ನೋಡಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ದೊಡ್ಡ ವಿಭಾಗ ಇದೆ, ಲಿವರ್ ಕೆಟ್ಟಿದೆ, ಜೊತೆಗೆ ಬೇರೆ ಮಾನಸಿಕ ಕಾಯಿಲೆ ಇದೆ ಅಂತ ಇಲ್ಲಿಯವರೇ ಕಳಿಸಿದ್ರೆ ಹೋಗಿ, ಮೊದಲ ಹೆಜ್ಜೆಗೇ ಅಲ್ಲಿಗೆ ಓಡ್ಬೇಡಿ.

2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಹೆಂಗಸರೆಲ್ಲ ಇನ್ನು ಗೆದ್ವಿ ಅಂದ್ಕೊಂಡಿದ್ವಿ, ಈಗ ನೋಡಿದ್ರೆ ಕಿರಾಣಿ ಅಂಗಡಿ ಡಬ್ಬದ ಹಿಂದೆ ಟೆಟ್ರಾ ಪ್ಯಾಕ್. ಎಣ್ಣೆ ಐದು ನಿಮಿಷದ ದಾರಿ, ಆಸ್ಪತ್ರೆಗೆ ಎರಡು ಬಸ್. 2019ರಲ್ಲಿ ಏಮ್ಸ್‌ನವರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ ಸಮೀಕ್ಷೆ ಪ್ರಕಾರ ಕುಡಿತದ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದ್ರೊಂದು ಚಿಕಿತ್ಸೆ ಸಿಕ್ಕಿದೆ, ಅಡ್ಮಿಟ್ ಆದೋರು 180ಕ್ಕೆ ಒಬ್ಬರು. ನಿಮ್ಮವರು ತಾವಾಗೇ ಬಿಡ್ಬೇಕು ಅಂತಿದ್ದಾರಲ್ಲ, ಆ ಮಾತು ಆರೋಕೆ ಮುಂಚೆ ಬಸ್ ಹತ್ತಿಸಿ. ಬಿಪಿಎಲ್ ಕಾರ್ಡು, ಆಧಾರ್, ಹಳೇ ಚೀಟಿ ಏನಿದ್ರೂ ಒಂದು ಕವರ್‌ಗೆ ಹಾಕ್ಕೊಳ್ಳಿ.

ಪ್ರಶ್ನೆ: ಅಕ್ಕಾರ, ನಾವು ಗದಗ ಕಡೇದವ್ರು. ಫೇಸ್‌ಬುಕ್ಕಿನ್ಯಾಗ ಒಂದು ಪುಡಿ ತೋರಸ್ತಾರ್ರಿ, ಕುಡಿಯೋರಿಗೆ ಗೊತ್ತಾಗದಂಗ ಸಾರಿನ್ಯಾಗ ಕಲಿಸಿ ಕೊಟ್ರ ಹದಿನೈದ ದಿನದಾಗ ಬಿಡ್ತಾರಂತ. ನಮ್ಮಣ್ಣಗ ತರಿಸಿ ಕೊಡಲೇನ್ರಿ? ದವಾಖಾನಿ ಅಂದ್ರ ಹೊಡಿಯಾಕ ಬರ್ತಾನ.

ಉತ್ತರ: ಬೇಡವೇ ಬೇಡ ತಂಗೀ. ಆ ಪುಡೀಲಿ ಏನಿದೆ ಅಂತ ಅದರ ಮೇಲೆ ಬರೆದಿರಲ್ಲ. ಡೈಸಲ್ಫಿರಾಮ್ ಅಂತ ಒಂದು ನಿಜವಾದ ಔಷಧಿ ಇದೆ, ಅದನ್ನ ತಗೊಂಡೋರು ಕುಡಿದ್ರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿಯಾಗಿ, ಬಿಪಿ ಇಳಿದು ಒದ್ದಾಡ್ತಾರೆ, ಆ ಹೆದರಿಕೆಗೇ ಕುಡಿಯಲ್ಲ. ಆದ್ರೆ ಹೆದರೋಕೆ ಗೊತ್ತಿರ್ಬೇಕಲ್ಲ! ಡಾಕ್ಟರು ಪರೀಕ್ಷೆ ಮಾಡಿ, ಕುಡಿದ್ರೆ ಹೀಗಾಗುತ್ತೆ ಅಂತ ಅವರಿಗೇ ವಿವರಿಸಿ, ಒಪ್ಪಿಸಿ ಕೊಡೋ ಔಷಧಿ ಅದು. ಅಂಥದ್ದನ್ನ ಕದ್ದು ಹಾಕಿ, ಗೊತ್ತಿಲ್ಲದೆ ನಿಮ್ಮಣ್ಣ ಅವತ್ತೇ ಒಂದು ಕ್ವಾರ್ಟರ್ ಏರಿಸಿದ್ರೆ ಪ್ರಾಣಕ್ಕೇ ಕುತ್ತು. ಪುಡೀಲಿ ಅದಿಲ್ಲ ಅಂತಾದ್ರೆ ದುಡ್ಡು ದಂಡ.

ಅಣ್ಣ ಬರಲ್ಲ ಅಂದ್ರೆ ಮೊದಲು ನೀವು ಹೋಗಿ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಬಹಳ ದೂರ ಅಲ್ಲ, ಅಷ್ಟೂ ಬೇಡ ಅಂದ್ರೆ ಮನೇಲೇ ಕೂತು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತಾರೆ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಮನೆಯವರೂ ಮಾಡಬಹುದು. ಜಗಳ ಆಡದೆ ಹೇಗೆ ಮಾತು ಶುರು ಮಾಡೋದು ಅಂತಾನೇ ಕೇಳಿ. ನಾನು ಕಂಡ ಹಾಗೆ ರಾತ್ರಿ ಕುಡಿದು ಬಂದಾಗ ಹೇಳಿದ ಮಾತು ಒಂದೂ ತಲೆಗೆ ಹೋಗಲ್ಲ, ಬೆಳಗ್ಗೆ ತಲೆ ಹಿಡ್ಕೊಂಡು ಕೂತಾಗ ಎರಡೇ ಮಾತು ಹೇಳಿದ್ರೆ ಹೋಗುತ್ತೆ. ಅದೂ ಕುಡಿತ ಬಿಡು ಅಂತ ಅಲ್ಲ, ಹೊಟ್ಟೆ ನೋವು ಅಂತೀಯಲ್ಲ ತೋರಿಸ್ಕೊಂಡು ಬರೋಣ ಬಾ ಅಂತ. ಹೊಡೆಯೋಕೆ ಬಂದ್ರೆ ಮಾತ್ರ ಸಮಾಧಾನ ಹೇಳ್ತಾ ನಿಲ್ಲಬೇಡಿ, 181 ಮಹಿಳಾ ಸಹಾಯವಾಣಿ ಇದೆ, 112 ಇದೆ.

ಪ್ರಶ್ನೆ: ಮೇಡಂ, ತೀರ್ಥಹಳ್ಳಿ ತಾಲೂಕು. ಮಗ ಮಂಗಳೂರಲ್ಲಿ ಓದ್ತಿದ್ದ, ಗಾಂಜಾ ಅಭ್ಯಾಸ ಆಗಿ ಕಾಲೇಜು ಬಿಟ್ಟು ಮನೇಲಿದ್ದಾನೆ, ಈಗ ನೋವಿನ ಮಾತ್ರೆಗಳನ್ನೂ ಏನೋ ಮಾಡ್ತಾನೆ ಅಂತ ಅನುಮಾನ. ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತಾ? ಒಂದು ಖಾಸಗಿ ಸೆಂಟರ್‌ನವರು ತಿಂಗಳಿಗೆ ಇಪ್ಪತ್ತು ಸಾವಿರ ಕೊಡಿ, ರಾತ್ರಿ ನಾಲ್ಕು ಜನ ಬಂದು ಕಾರಲ್ಲಿ ಎತ್ತಾಕ್ಕೊಂಡು ಹೋಗ್ತೀವಿ, ಮೂರು ತಿಂಗಳು ನೀವು ನೋಡೋ ಹಾಗಿಲ್ಲ ಅಂತಾರೆ. ಒಪ್ಪಿಕೊಳ್ಳೋದಾ?

ಉತ್ತರ: ಒಪ್ಕೋಬೇಡಿ ಸಾರ್. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಮದ್ಯ, ಮಾದಕ ವಸ್ತುವಿನ ವ್ಯಸನದಿಂದ ಬರೋ ತೊಂದರೆಗಳೂ ಸೇರುತ್ತೆ. ಆ ಕಾಯ್ದೆ ಪ್ರಕಾರ ಇಂಥ ಸಂಸ್ಥೆ ರಿಜಿಸ್ಟರ್ ಆಗಿರ್ಬೇಕು. ಒಪ್ಪದೇ ಇರೋ ವ್ಯಕ್ತಿಯನ್ನ ದಾಖಲು ಮಾಡ್ಬೇಕು ಅಂದ್ರೆ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ತಜ್ಞರೋ ಡಾಕ್ಟರೋ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರ್ಬೇಕು, ರಾತ್ರಿ ಕಾರಲ್ಲಿ ಬರೋ ನಾಲ್ಕು ಜನ ಅಲ್ಲ. ಸರಪಳಿ ಹಾಕೋ ಹಾಗಿಲ್ಲ. ಮನೆಯವರನ್ನ ನೋಡೋದು, ಫೋನ್ ಮಾಡೋದು ರೋಗಿಯ ಹಕ್ಕು. ಮೂರು ತಿಂಗಳು ಮುಖ ನೋಡೋ ಹಾಗಿಲ್ಲ ಅಂದಾಗಲೇ ನನಗೆ ಅನುಮಾನ. ಅವರಿಗೆ ಫೋನ್ ಮಾಡಿ ರಿಜಿಸ್ಟ್ರೇಷನ್ ನಂಬರ್ ಏನು, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರ್ತಾರೆ, ಬಿಟ್ಟ ಮೇಲೆ ಫಾಲೋಅಪ್ ಯಾರು ಮಾಡ್ತಾರೆ ಅಂತ ಕೇಳಿ ನೋಡಿ, ಮೊದಲನೇ ಪ್ರಶ್ನೆಗೇ ದನಿ ಬದಲಾದ್ರೆ ಫೋನ್ ಇಟ್ಬಿಡಿ.

ಪೊಲೀಸ್ ವಿಷಯ. ಡಾಕ್ಟರ ಹತ್ರ ಹೋಗಿ ನನಗೆ ಚಟ ಇದೆ ಅಂದ ಮಾತ್ರಕ್ಕೆ ಕೇಸ್ ಆಗಲ್ಲ. ಮಾದಕ ವಸ್ತುಗಳ ಬಗ್ಗೆ ಇರೋ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ನೇ ಇದೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕಿರೋ ವ್ಯಸನಿ ಕೂಡ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಚಿಕಿತ್ಸೆ ತಗೊಂಡ್ರೆ ಅವನಿಗೆ ವಿನಾಯಿತಿ ಇದೆ. ಅರ್ಧಕ್ಕೆ ಬಿಟ್ರೆ ಆ ವಿನಾಯಿತಿ ವಾಪಸ್ ಹೋಗಬಹುದು. ಮಾರಾಟಕ್ಕೆ ಇಳಿದವರಿಗೆ ಇದು ಅನ್ವಯಿಸಲ್ಲ.

ನಿಮಗೆ ಹತ್ತಿರ ಅಂದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಅಲ್ಲಿ ಮನೋರೋಗ ವಿಭಾಗ ಇದೆ. ಕೇಂದ್ರ ಸರ್ಕಾರದ ನೆರವಿನಿಂದ ಸಂಘ ಸಂಸ್ಥೆಗಳು ನಡೆಸೋ ಪುನರ್ವಸತಿ ಕೇಂದ್ರಗಳೂ ಇವೆ, ನಿಮ್ಮ ಕಡೆ ಯಾವುದಿದೆ ಅಂತ 14446ಕ್ಕೆ ಮಾಡಿದ್ರೆ ಹೇಳ್ತಾರೆ, ಅದು ವ್ಯಸನಮುಕ್ತಿಗೇ ಇರೋ ರಾಷ್ಟ್ರೀಯ ಸಹಾಯವಾಣಿ. ನೋವಿನ ಮಾತ್ರೆ ಅನುಮಾನ ಇದ್ರೆ ಖಾಲಿ ಸ್ಟ್ರಿಪ್ ಸಿಕ್ಕಿದ್ದನ್ನ ಬಿಸಾಕದೆ ಡಾಕ್ಟ್ರಿಗೆ ತೋರಿಸಿ, ಯಾವ ಮಾತ್ರೆ ಅನ್ನೋದರ ಮೇಲೆ ಚಿಕಿತ್ಸೆ ಬೇರೆ ಆಗುತ್ತೆ. ಮಗನ ತೋಳು ಒಂದು ಸಲ ನೋಡಿ. ಸೂಜಿ ಗುರುತು ಇದ್ರೆ ಬೈಯೋಕೆ ಹೋಗ್ಬೇಡಿ, ಅವತ್ತೇ ಕರ್ಕೊಂಡು ಹೊರಡಿ.

ಪ್ರಶ್ನೆ: ಅಕ್ಕ, ನಾಗಮಂಗಲದ ಹತ್ರ ನಮ್ಮೂರು. ನಾನೇ ಕುಡೀತಿದ್ದೋನು. ನಮ್ಮೂರಲ್ಲಿ ಮದ್ಯವರ್ಜನ ಶಿಬಿರ ಆದಾಗ ಸೇರ್ಕೊಂಡು ಆರು ತಿಂಗಳು ಮುಟ್ಟಿರ್ಲಿಲ್ಲ. ಯುಗಾದಿ ಮುಗಿದು ವರ್ಷತೊಡಕಿನ ದಿನ ಬಾಡೂಟಕ್ಕೆ ಕೂತಾಗ ಭಾವಮೈದ ಒಂದೇ ಪೆಗ್ ಅಂದ, ಒಂದು ವಾರ ನಿಲ್ಲಲಿಲ್ಲ. ಈಗ ಮೂರು ದಿನದಿಂದ ಬಿಟ್ಟಿದ್ದೀನಿ, ನಡುಕ ಏನಿಲ್ಲ. ಶಿಬಿರದೋರ ಮುಂದೆ ಯಾವ ಮುಖ ಇಟ್ಕೊಂಡು ಹೋಗ್ಲಿ?

ಉತ್ತರ: ಇರೋ ಮುಖಾನೇ ಇಟ್ಕೊಂಡು ಹೋಗಪ್ಪ! ಆರು ತಿಂಗಳಲ್ಲಿ ಎಷ್ಟು ದಿನ ಅಂತ ಲೆಕ್ಕ ಹಾಕು, ನೂರ ಎಂಬತ್ತು ದಿನ ಬಿಟ್ಟಿದ್ದೆ, ಏಳು ದಿನ ಕುಡಿದೆ. ಆ ನೂರ ಎಂಬತ್ತು ಎಲ್ಲೂ ಹೋಗಿಲ್ಲ. ಮತ್ತೆ ಜಾರೋದು ಈ ಕಾಯಿಲೆಯಲ್ಲಿ ಮಾಮೂಲು, ಶುಗರ್ ಇರೋರಿಗೆ ಹಬ್ಬದಲ್ಲಿ ಶುಗರ್ ಏರಲ್ವಾ ಹಾಗೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಶಿಬಿರ ಎಂಟು ದಿನದ್ದು, ಅದರ ದೊಡ್ಡ ಗುಣ ಏನಂದ್ರೆ ಊರಲ್ಲೇ ನಡೆಯುತ್ತೆ, ಊರೋರ ಕಣ್ಣೆದುರೇ ಬಿಡ್ತಾರೆ, ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟೋರೆಲ್ಲ ಸೇರ್ತಾರೆ. ನಿಂದು ಯಾವ ಶಿಬಿರವೋ ಗೊತ್ತಿಲ್ಲ, ಇಂಥ ಸಮಿತಿ ಇದ್ರೆ ಮುಂದಿನ ಸಭೆಗೇ ಹೋಗು. ಅಲ್ಲಿ ಕೂತಿರೋರಲ್ಲಿ ಜಾರದೇ ಇರೋನು ಎಷ್ಟು ಜನ ಅಂತ ಕೇಳಿ ನೋಡು. ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಮೀಟಿಂಗ್ ಕನ್ನಡದಲ್ಲೂ ನಡೆಯುತ್ತೆ, ಅಲ್ಲಿ ಫೀಸಿಲ್ಲ, ಊರೋರಿಗೆ ಗೊತ್ತಾಗೋದು ಬೇಡ ಅನ್ನೋರಿಗೆ ಅದು ವಾಸಿ.

ಶಿಬಿರದಲ್ಲಿ ನನಗೆ ಕೊರತೆ ಅನ್ಸೋದು ಒಂದೇ, ಮನಸ್ಸು ಗಟ್ಟಿ ಮಾಡ್ಕೋ ಅನ್ನೋ ಮಾತು ಜಾಸ್ತಿ, ಮುಂದಿನ ಔಷಧಿ ಮಾತು ಕಮ್ಮಿ. ಆಸೆ ಕಮ್ಮಿ ಮಾಡೋ ಮಾತ್ರೆಗಳಿವೆ, ನಾಲ್ಟ್ರೆಕ್ಸೋನ್ ಅಂತ ಒಂದು, ಲಿವರ್ ಟೆಸ್ಟ್ ನೋಡಿ ಡಾಕ್ಟರು ಕೊಡ್ತಾರೆ, ಕೆಲವರಿಗೆ ಬಹಳ ಹಿಡಿಸುತ್ತೆ. ಸಮಿತಿಯೂ ಇರ್ಲಿ, ಮಾತ್ರೆಯೂ ಇರ್ಲಿ. ಮುಂದಿನ ವರ್ಷತೊಡಕಿಗೆ ಭಾವಮೈದನ ಮನೇಲಿ ಊಟಕ್ಕೆ ಕೂರೋ ಮುಂಚೆ ಹೆಂಡ್ತೀನ ಪಕ್ಕದಲ್ಲಿ ಕೂರಿಸ್ಕೋ, ಇಲ್ಲಾ ಬಾಡೂಟ ಡಬ್ಬೀಲಿ ಹಾಕಿಸ್ಕೊಂಡು ಮನೆಗೆ ಬಾ.

ನಿನಗೂ ತಾಲೂಕು ಆಸ್ಪತ್ರೆಯೇ. ಆದ್ರೆ ಸೋಮವಾರವೇ ಒಂದು ಫೋನ್ ಮಾಡಿ ನಾಳೆ ಮನೋವೈದ್ಯರು ಬರ್ತಾರಾ ಅಂತ ಕೇಳು, ರಜೆ ಇದ್ದು ಬಾಗಿಲು ಹಾಕಿದ್ರೆ ಎದುರುಗಡೆ ಬೋರ್ಡು ಯಾವುದಿರುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.