ಓದುಗರ ಪ್ರಶ್ನೆ: ಕ್ರೀಮು ಚರ್ಮದೊಳಗೆ ಎಷ್ಟು ಇಳಿಯುತ್ತದೆ?

ಪ್ರಶ್ನೆ: ‘ಚರ್ಮದ ಆಳಕ್ಕೆ ಇಳಿಯುತ್ತದೆ’ ಎಂದು ಕ್ರೀಮಿನ ಜಾಹೀರಾತುಗಳು ಹೇಳುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಹೇಗೆ?

ಉತ್ತರ: ಹೆಚ್ಚಾಗಿ ಬಳಸುವುದು ಫ್ರಾಂಝ್ ಸೆಲ್ ಎಂಬ ಗಾಜಿನ ಉಪಕರಣ. ಮೇಲೊಂದು, ಕೆಳಗೊಂದು ಕೋಣೆ. ನಡುವೆ ಚರ್ಮದ ತುಂಡನ್ನು ಹೊರಮೈ ಮೇಲೆ ಬರುವಂತೆ ಇಟ್ಟು ಕ್ಲಾಂಪ್ ಹಾಕುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ದಾನಿ ಒಪ್ಪಿ ಕೊಟ್ಟ ಚರ್ಮವನ್ನು ತೆಳುವಾಗಿ ಹೆರೆಯುವ ಉಪಕರಣವಾದ ಡರ್ಮಟೋಮ್‌ನಿಂದ 200ರಿಂದ 400 ಮೈಕ್ರೋಮೀಟರ್ ದಪ್ಪಕ್ಕೆ ಹೆರೆದಿರುತ್ತಾರೆ. ಕೆಳಗಿನ ಕೋಣೆಯಲ್ಲಿ, ಚರ್ಮ ದಾಟಿ ಬಂದದ್ದನ್ನು ಹಿಡಿದುಕೊಳ್ಳುವ ಗ್ರಾಹಕ ದ್ರವ ಮತ್ತು ಅದನ್ನು ಕಲಕುತ್ತಿರುವ ಪುಟ್ಟ ಅಯಸ್ಕಾಂತ ಇರುತ್ತವೆ. ಚರ್ಮದ ಮೇಲ್ಮೈ 32 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ, ಇರಬೇಕು. 37 ಡಿಗ್ರಿ ದೇಹದ ಒಳಗಿನದು, ತೊಗಲಿನದಲ್ಲ.

ಕ್ರೀಮನ್ನು ದಪ್ಪಗೆ ಮೆತ್ತುವಂತಿಲ್ಲ. ಜನ ನಿಜವಾಗಿ ಹಚ್ಚುವಷ್ಟು, ಅಂದರೆ ಚದರ ಸೆಂಟಿಮೀಟರಿಗೆ 2ರಿಂದ 5 ಮಿಲಿಗ್ರಾಂ ಸಾಕು. ಸಾಮಾನ್ಯವಾಗಿ 24 ಗಂಟೆಗಳ ನಂತರ ಮೇಲುಳಿದದ್ದನ್ನು ತೊಳೆದು, ಅಂಟುಪಟ್ಟಿಯನ್ನು ಒಂದಾದ ಮೇಲೊಂದರಂತೆ ಒತ್ತಿ ಕಿತ್ತು ಕೊಂಬುಪದರವನ್ನು (ಚರ್ಮದ ತೀರಾ ಹೊರಗಿನ, ಸತ್ತ ಕೋಶಗಳ ಪದರ) ತೆಗೆಯುತ್ತಾರೆ. ಉಳಿದ ಎಪಿಡರ್ಮಿಸ್ (ಹೊರಚರ್ಮ), ಡರ್ಮಿಸ್ (ಒಳಚರ್ಮ), ಗ್ರಾಹಕ ದ್ರವ, ತೊಳೆದ ನೀರು, ಪಟ್ಟಿಗಳು ಎಲ್ಲವನ್ನೂ ಬೇರೆಬೇರೆಯಾಗಿ, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಥವಾ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ.

ಕೊಂಬುಪದರದ ದಪ್ಪ ಬಹುತೇಕ ಜಾಗಗಳಲ್ಲಿ 10ರಿಂದ 20 ಮೈಕ್ರೋಮೀಟರ್ ಅಷ್ಟೇ, ಆದರೆ ತಡೆಗೋಡೆ ಅದೇ. ಪಟ್ಟಿಗಳಲ್ಲಿ ಸಿಕ್ಕ ಪ್ರಮಾಣವನ್ನು ಸುರಕ್ಷತೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ‘ಹೀರಿಕೊಂಡದ್ದು’ ಎಂದು ಎಣಿಸುವುದಿಲ್ಲ. ಜಾಹೀರಾತಿನ ‘ಆಳ’ ಎಷ್ಟೋ ಸಲ ಈ ಪದರದಲ್ಲೇ ಮುಗಿದಿರುತ್ತದೆ! 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ತೀರಾ ಕಷ್ಟ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ). ಲಕ್ಷಗಟ್ಟಲೆ ಡಾಲ್ಟನ್ ತೂಗುವ ಹೈಲುರೋನಿಕ್ ಆಮ್ಲ ಡರ್ಮಿಸ್‌ಗೆ ಇಳಿಯಿತು ಎಂದರೆ ಪುರಾವೆ ಕೇಳಿ.

ಪ್ರಶ್ನೆ: ಮಾನವ ಚರ್ಮ ಸಿಗದಿದ್ದರೆ ಕೃತಕವಾಗಿ ಬೆಳೆಸಿದ ಚರ್ಮ ಸಾಕಲ್ಲವೇ?

ಉತ್ತರ: ಕ್ರೀಮು ಚರ್ಮವನ್ನು ಕೆರಳಿಸುತ್ತದೆಯೇ ಎಂಬ ಪರೀಕ್ಷೆಗೆ ಅದು ಒಳ್ಳೆಯದು. ಆದರೆ ಅದರ ತಡೆಗೋಡೆ ನಿಜವಾದ ಚರ್ಮಕ್ಕಿಂತ ಸಡಿಲ, ಹಾಗಾಗಿ ಇಳಿಯುವ ಪ್ರಮಾಣ ಹೆಚ್ಚೇ ಕಾಣುತ್ತದೆ. ನಮ್ಮ ಆಯ್ಕೆ ಹಂದಿಯ ಕಿವಿಯ ಚರ್ಮ. ಆದರೆ ಕಸಾಯಿಖಾನೆಯಲ್ಲಿ ಬಿಸಿನೀರಿಗೆ ಅದ್ದುವ ಮೊದಲೇ ಕಿವಿಯನ್ನು ಪಡೆಯಬೇಕು. ಅದ್ದಿದ ಮೇಲೆ ಎಪಿಡರ್ಮಿಸ್ ಕಿತ್ತುಬರುತ್ತದೆ, ಆ ಚರ್ಮ ಪರೀಕ್ಷೆಗೆ ಬಾರದು. ಇಲಿಯ ಚರ್ಮದಲ್ಲಿ ಮನುಷ್ಯರದ್ದಕ್ಕಿಂತ ಸುಲಭವಾಗಿ ಇಳಿಯುತ್ತದೆ. ಸಿಂಥೆಟಿಕ್ ಪೊರೆಗಳು ಒಂದೇ ಕ್ರೀಮಿನ ಹಲವು ಸೂತ್ರಗಳನ್ನು ಹೋಲಿಸಲಷ್ಟೇ ಸರಿ.

ಪ್ರಶ್ನೆ: ನಮ್ಮ ಆರು ಸೆಲ್‌ಗಳಲ್ಲಿ ಒಂದರ ಫಲಿತಾಂಶ ವಿಪರೀತ ಹೆಚ್ಚು, ಎರಡರಲ್ಲಿ ಶೂನ್ಯ. ಎಲ್ಲಿ ತಪ್ಪಿದ್ದೇವೆ? (ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಹೆಚ್ಚು ಬಂದ ಸೆಲ್‌ನಲ್ಲಿ ಚರ್ಮ ತೂತಾಗಿರಬೇಕು, ಇಲ್ಲವೇ ಅಂಚಿನಿಂದ ಸೋರಿರಬೇಕು. ಕ್ರೀಮು ಹಚ್ಚುವ ಮೊದಲೇ ವಿದ್ಯುತ್ ಪ್ರತಿರೋಧವನ್ನೋ ಚರ್ಮದಿಂದ ಆವಿಯಾಗುವ ನೀರನ್ನೋ ಅಳೆದು, ಮಿತಿಯೊಳಗೆ ಇರದ ತುಂಡನ್ನು ಬಿಡಿ. ಫಲಿತಾಂಶ ನೋಡಿ ಆಮೇಲೆ ಬಿಡುವುದು ಮೋಸಕ್ಕೆ ಹತ್ತಿರ.

ಶೂನ್ಯಕ್ಕೆ ಮೊದಲ ಶಂಕೆ ಗಾಳಿಗುಳ್ಳೆಯ ಮೇಲೆ. ಚರ್ಮದ ಕೆಳಗೆ ಗುಳ್ಳೆ ಕೂತರೆ ಅಷ್ಟು ಜಾಗ ದ್ರವಕ್ಕೆ ತಾಗುವುದೇ ಇಲ್ಲ. ದ್ರವದಲ್ಲಿನ ಗಾಳಿಯನ್ನು ಮೊದಲೇ ತೆಗೆಯಿರಿ. ತುಂಬಿದ ಮೇಲೆ ಸೆಲ್ ಅನ್ನು ಓರೆ ಮಾಡಿ ಗುಳ್ಳೆಯನ್ನು ಪಕ್ಕದ ನಳಿಕೆಯಿಂದ ಹೊರಡಿಸಿ. ಪ್ರತಿ ಸಲ ಮಾದರಿ ತೆಗೆದಾಗಲೂ ಅಷ್ಟೇ ಪ್ರಮಾಣದ, ಅದೇ ಬಿಸಿಯ ಹೊಸ ದ್ರವ ತುಂಬಬೇಕು. ಗುಳ್ಳೆ ನುಸುಳುವುದು ಹೆಚ್ಚಾಗಿ ಆಗಲೇ.

ಎರಡನೆಯದು ಕರಗುವಿಕೆ. ನಿಮ್ಮ ಘಟಕ ಎಣ್ಣೆಯಲ್ಲಿ ಕರಗುವಂಥದ್ದಾದರೆ ಗ್ರಾಹಕ ದ್ರವವಾಗಿ ಬರೀ ಫಾಸ್ಫೇಟ್ ಬಫರ್ (ನೀರಿನಲ್ಲಿ ಲವಣ ಕರಗಿಸಿದ ದ್ರಾವಣ) ಅದನ್ನು ಎಳೆದುಕೊಳ್ಳದು. ಆದರೆ ಆಗ ಆರೂ ಸೆಲ್‌ಗಳಲ್ಲಿ ಪ್ರಮಾಣ ಕಡಿಮೆಯೇ ಇರುತ್ತದೆ, ಎರಡರಲ್ಲಿ ಮಾತ್ರವಲ್ಲ. ಹಾಗಿದ್ದರೆ ಬೋವೈನ್ ಸೀರಮ್ ಆಲ್ಬ್ಯುಮಿನ್ (ದನದ ರಕ್ತದಿಂದ ತೆಗೆದ ಪ್ರೋಟೀನ್) ಸೇರಿಸಿ ನೋಡಿ. ದ್ರವದಲ್ಲಿ ಘಟಕದ ಪ್ರಮಾಣ ಅದರ ಕರಗುವ ಮಿತಿಯ ಹತ್ತನೇ ಒಂದು ಭಾಗ ದಾಟಬಾರದು. ಎಥನಾಲ್ ಸುಲಭದ ದಾರಿ ಹೌದು, ಆದರೆ ಜಾಸ್ತಿಯಾದರೆ ಚರ್ಮವನ್ನೇ ಕೆಡಿಸುತ್ತದೆ.

ಕೊನೆಗೆ ಎಲ್ಲ ಭಾಗಗಳನ್ನೂ ಕೂಡಿಸಿ. ಹಚ್ಚಿದ್ದರ 85ರಿಂದ 115 ಶೇಕಡದೊಳಗೆ ಸಿಗದಿದ್ದರೆ ಎಷ್ಟು ಇಳಿಯಿತು ಎಂಬ ಮಾತೇ ಬೇಡ. ಮೊದಲು ಉಳಿದದ್ದು ಆವಿಯಾಯಿತೋ, ಗಾಜಿಗೆ ಅಂಟಿತೋ, ಹಚ್ಚಿದ ಕಡ್ಡಿಯಲ್ಲೇ ಉಳಿಯಿತೋ ಹುಡುಕಿ. ಕಡ್ಡಿಯನ್ನು ಹಚ್ಚುವ ಮೊದಲು ಮತ್ತು ನಂತರ ತೂಗುವ ಅಭ್ಯಾಸ ಇಟ್ಟುಕೊಳ್ಳಿ. ಆರು ಸೆಲ್‌ಗಳಿಗೂ ಒಬ್ಬರದೇ ಚರ್ಮ ಹಾಕಿದ್ದರೆ, ಮುಂದಿನ ಸಲ ಕನಿಷ್ಠ ನಾಲ್ವರು ದಾನಿಗಳ ಎಂಟು ತುಂಡುಗಳನ್ನಾದರೂ ಬಳಸಿ.