ಸಾಫ್ಟ್ ಲ್ಯೂರ್‌ಗೆ ಯಾವ ರಿಗ್? ಮೊದಲು ನೀರಿನ ಅಡಿ ನೋಡಿ

ಗಂಗೊಳ್ಳಿ ಅಳಿವೆಯ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ದಡದಿಂದಲೇ ಸಾಫ್ಟ್ ಲ್ಯೂರ್, ಅಂದರೆ ರಬ್ಬರಿನ ನಕಲಿ ಮೀನು ಎಸೆಯುತ್ತೀರಿ. ಮೀನಿಗಿಂತ ಜಾಸ್ತಿ ಗಿಡದ ಬೇರುಗಳೇ ಹುಕ್ಕಿಗೆ ಸಿಗುತ್ತಿವೆ. ಜಿಗ್ ಹೆಡ್, ಟೆಕ್ಸಾಸ್, ಕೆರೊಲಿನಾ, ಡ್ರಾಪ್ ಶಾಟ್, ನೆಡ್ ಅಂತ ಕೇಳಿದ ರಿಗ್‌ಗಳಲ್ಲಿ, ಅಂದರೆ ಹುಕ್, ತೂಕ, ಲ್ಯೂರ್ ಜೋಡಿಸಿ ಕಟ್ಟುವ ಬಗೆಗಳಲ್ಲಿ, ಯಾವ ಮೀನಿಗೆ ಯಾವುದನ್ನು ಕಟ್ಟಬೇಕು ಅನ್ನೋದು ನಿಮ್ಮ ಪ್ರಶ್ನೆ.

ಮೀನಿನ ಮಾತು ಸ್ವಲ್ಪ ಆಮೇಲೆ. ಒಂದೇ ಬ್ಯಾರಮಂಡಿ ಮೀನು ಬೆಳಿಗ್ಗೆ ಬೇರಿನ ಸಂದಿಯಲ್ಲಿರುತ್ತದೆ, ನೀರು ಇಳಿದಾಗ ಬರೀ ಕೆಸರಿನ ಕಾಲುವೆ ಬಾಯಿಗೆ ಬಂದು ನಿಲ್ಲುತ್ತದೆ. ಮೀನು ಅದೇ, ರಿಗ್ ಮಾತ್ರ ಎರಡು ಕಡೆಗೂ ಬೇರೆ ಬೇಕು. ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಅಡಿಯಲ್ಲಿ ಏನಿದೆ? ನೀರು ಎಷ್ಟು ಜೋರಾಗಿ ಹರಿಯುತ್ತಿದೆ? ಮೊದಲನೆಯದು ರಿಗ್ ಯಾವುದು ಅಂತ ಹೇಳುತ್ತದೆ, ಎರಡನೆಯದು ತೂಕ ಎಷ್ಟು ಅಂತ.

ಅಡಿ ಮರಳು ಅಥವಾ ಬರೀ ಕೆಸರಾಗಿದ್ದರೆ ಜಿಗ್ ಹೆಡ್, ಅಂದರೆ ತಲೆಯಲ್ಲೇ ಸೀಸ ಇರುವ ಹುಕ್ ಹಾಕಿ. ಹೆಚ್ಚು ಯೋಚಿಸಬೇಡಿ. ಹುಕ್ಕಿನ ಮೊನೆ ಹೊರಗೇ ಇರುವುದರಿಂದ ಮೀನು ಮೆಲ್ಲಗೆ ಮುಟ್ಟಿದರೂ ಸಿಕ್ಕಿಕೊಳ್ಳುತ್ತದೆ. ತೂಕ ತಲೆಯಲ್ಲೇ ಇರುವುದರಿಂದ ಅಡಿ ಮುಟ್ಟಿದ್ದು ಕೈಗೆ ಸರಿಯಾಗಿ ಗೊತ್ತಾಗುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ಅಡಿ ಹೇಗಿದೆ ಅಂತ ಗೊತ್ತಿಲ್ಲದ ಕಡೆ ನಾನು ಮೊದಲು ಹಳೇ ಜಿಗ್ ಹೆಡ್ ಒಂದನ್ನು ಎಸೆದು ನಿಧಾನ ಎಳೆದು ನೋಡುತ್ತೇನೆ. ಕೆಸರಾದರೆ ಮೆತ್ತಗೆ ಹಿಡಿದು ಬಿಡುತ್ತದೆ, ಮರಳಾದರೆ ಸಲೀಸಾಗಿ ಜಾರುತ್ತದೆ, ಚಿಪ್ಪು ಅಂಟಿದ ಕಲ್ಲಾದರೆ ಟಕ ಟಕ ಅನ್ನುತ್ತದೆ. ಹೋದರೆ ಒಂದು ಜಿಗ್ ಹೆಡ್ ಹೋಗುತ್ತದೆ ಅಷ್ಟೇ.

ಬೇರು, ಮುರಿದು ಬಿದ್ದ ಕೊಂಬೆ, ಚಿಪ್ಪಿನ ಕಲ್ಲು, ಯಾರೋ ಬಿಟ್ಟುಹೋದ ಬಲೆಯ ಚೂರು ಇರುವ ಕಡೆ ವೀಡ್‌ಲೆಸ್ ಬೇಕೇ ಬೇಕು. ಅಂದರೆ ಹುಕ್ಕಿನ ಮೊನೆಯನ್ನು ರಬ್ಬರ್ ಮೀನಿನ ಬೆನ್ನಿನಲ್ಲಿ ಅಡಗಿಸಿಡುವ ಕಟ್ಟು. ಮೀನು ಕಚ್ಚಿದಾಗ ರಬ್ಬರ್ ಅದುಮಿಕೊಂಡು ಮೊನೆ ಹೊರಗೆ ಬರುತ್ತದೆ. ನಿಮ್ಮ ಜಾಗಕ್ಕೆ ಹೊಟ್ಟೆಯ ಹತ್ತಿರ ಸೀಸ ಕೂರಿಸಿದ, ಮುಂದೆ ಸ್ಪ್ರಿಂಗ್ ಇರುವ ಸ್ವಿಮ್‌ಬೇಟ್ ಹುಕ್ ಚೆನ್ನಾಗಿ ಹೊಂದುತ್ತದೆ. ಜಿಗ್ ಹೆಡ್ ಕಟ್ಟಿದ ಲ್ಯೂರ್ ಮೂಗು ಕೆಳಗೆ ಮಾಡಿ ಬೀಳುತ್ತದೆ. ಈ ಹುಕ್ಕಿಗೆ ಕಟ್ಟಿದ್ದು ಮಟ್ಟಸವಾಗಿ, ಮೈ ಅಲ್ಲಾಡಿಸುತ್ತಾ ಇಳಿಯುತ್ತದೆ. ಬ್ಯಾರಮಂಡಿ ಎಷ್ಟೋ ಸಲ ಲ್ಯೂರ್ ಇಳಿಯುವಾಗಲೇ ಹೊಡೆಯುವುದರಿಂದ ಆ ನಿಧಾನ ನಿಮಗೆ ಲಾಭ.

ಇಲ್ಲಿ ಎರಡು ವಿಷಯ ನೋಡಿಕೊಳ್ಳಿ. ಒಂದು, ಹುಕ್ಕಿನ ಬಾಯಿ (ಮೊನೆಗೂ ಕಡ್ಡಿಗೂ ನಡುವಿನ ಜಾಗ) ರಬ್ಬರಿನ ದಪ್ಪಕ್ಕಿಂತ ಚೆನ್ನಾಗಿಯೇ ಅಗಲ ಇರಬೇಕು. ಇಲ್ಲದಿದ್ದರೆ ಅದುಮಿದ ರಬ್ಬರ್ ಬಾಯಿ ತುಂಬಿಕೊಂಡು ಮೊನೆಗೆ ಜಾಗವೇ ಉಳಿಯುವುದಿಲ್ಲ. 4 ಇಂಚಿನ ಲ್ಯೂರ್‌ಗೆ ಸಾಮಾನ್ಯವಾಗಿ 4/0 ಅಳತೆಯ ಹುಕ್ ಸರಿ. ಮೈ ದಪ್ಪ ಇದ್ದರೆ ಅದಕ್ಕಿಂತ ದೊಡ್ಡದು, 5/0. ಎರಡು, ಲ್ಯೂರ್ ನೆಟ್ಟಗೆ ಕೂರಬೇಕು. ಹುಕ್ಕನ್ನು ಲ್ಯೂರಿನ ಪಕ್ಕದಲ್ಲಿಟ್ಟು ಮೊನೆ ಎಲ್ಲಿ ಹೊರಬರಬೇಕು ಅಂತ ಉಗುರಿನಿಂದ ಗುರುತು ಮಾಡಿಕೊಂಡು ಆಮೇಲೆ ಚುಚ್ಚಿ. ಸೊಟ್ಟಗೆ ಕೂತರೆ ಎಳೆಯುವಾಗ ಗಿರಗಿರ ಸುತ್ತುತ್ತದೆ, ದಾರವೂ ತಿರುಚಿಕೊಳ್ಳುತ್ತದೆ.

ಈಗ ತೂಕಕ್ಕೆ ಬರೋಣ. ನನ್ನ ಪ್ರಕಾರ ಜನ ರಿಗ್ಗಿನ ಹೆಸರಿನ ಬಗ್ಗೆ ವಾದ ಮಾಡುವ ಹೊತ್ತಿನಲ್ಲಿ ಅರ್ಧದಷ್ಟನ್ನು ತೂಕಕ್ಕೆ ಕೊಟ್ಟರೆ ಸಾಕು, ಮೀನು ಜಾಸ್ತಿ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದೇ ಜಾಗದಲ್ಲಿ ನಿಂತಿದ್ದರೂ ನಿಮ್ಮ ಕಾಲ ಬುಡದ ನೀರು ಗಂಟೆ ಗಂಟೆಗೆ ಬೇರೆ ಆಗುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದರಂತೂ ಸೆಳೆತ ಜೋರು. ಉಬ್ಬರ ಮುಗಿದು ನೀರು ನಿಂತಾಗ ಚಂದ ಈಜುತ್ತಿದ್ದ 7 ಗ್ರಾಂ, ಇಳಿತ ಬಿರುಸಾದಾಗ ಅಡಿ ಮುಟ್ಟದೆ ತೇಲಿಕೊಂಡು ಹೋಗುತ್ತದೆ. ಆಗ ಲ್ಯೂರ್ ಬದಲಿಸಿ, ಬಣ್ಣ ಬದಲಿಸಿ ಒದ್ದಾಡುವುದು ಸುಮ್ನೆ. ತೂಕ ಬದಲಿಸಿ.

ಲೆಕ್ಕ ಸುಲಭ. ಹರಿವಿಗೆ ಸ್ವಲ್ಪ ಎದುರಾಗಿ ಎಸೆಯಿರಿ, ಲ್ಯೂರ್ ಇಳಿಯುವಾಗ ದಾರ ನೋಡುತ್ತಾ ಮನಸ್ಸಿನಲ್ಲೇ ಎಣಿಸಿ. ಅಡಿ ಮುಟ್ಟಿದಾಗ ದಾರ ಸಡಿಲಾಗುತ್ತದೆ. ರಾಡ್ ತುದಿ ಮೆಲ್ಲಗೆ ಎತ್ತಿದರೆ ಲ್ಯೂರ್ ಎದ್ದು, ಮತ್ತೆ ಇಳಿದು ಅಡಿ ಮುಟ್ಟಬೇಕು. ದಾರ ಸಡಿಲಾಗುವುದೇ ಇಲ್ಲ ಅಂದರೆ ತೂಕ ಕಡಿಮೆ. ಕಲ್ಲಿನ ಹಾಗೆ ದಬಕ್ಕನೆ ಬಿದ್ದು ಪ್ರತಿ ಸಲ ಕೆಸರಿನಲ್ಲಿ ಹೂತರೆ ತೂಕ ಜಾಸ್ತಿ. ಅಡಿ ಮುಟ್ಟುವ ತೂಕಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಯಾವುದೋ ಅದೇ ಸರಿ. ಆಳ ಒಂದೆರಡು ಮೀಟರ್ ಇರುವ ಬೇರಿನ ಅಂಚಿಗೆ 5ರಿಂದ 7 ಗ್ರಾಂ, ಹರಿವಿರುವ ಕಾಲುವೆಗೆ 10ರಿಂದ 14 ಗ್ರಾಂ ಅಂತ ಶುರು ಮಾಡಿ. ಸೇತುವೆ ಕಂಬದ ಬುಡದ ಆಳಕ್ಕೆ 20 ದಾಟಬೇಕಾದೀತು. ಅಲ್ಲಿ ಮುರು ಮೀನು, ಮ್ಯಾಂಗ್ರೋವ್ ಜ್ಯಾಕ್ ಇರುತ್ತವೆ. ಕಚ್ಚಿದ ತಕ್ಷಣ ಸಂದಿಗೆ ನುಗ್ಗುವ ಜಾತಿ ಅವು, ಹಾಗಾಗಿ ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವುದನ್ನು ತಡೆಹಿಡಿಯುವ ಬಿಗಿ) ಬಿಗಿಯಾಗಿಯೇ ಇರಲಿ.

ಇಳಿತದ ಕೊನೆಯ ಹೊತ್ತು ನಿಮ್ಮ ಜಾಗಕ್ಕೆ ವಿಶೇಷ. ಕಾಂಡ್ಲಾ ಒಳಗಿನ ನೀರೆಲ್ಲ ಸಣ್ಣ ಕಾಲುವೆಗಳಿಂದ ಹೊರಬರುತ್ತದೆ, ಜೊತೆಗೆ ಸಿಗಡಿ, ಸಣ್ಣ ಮೀನು. ಕಾಲುವೆ ಬಾಯಿಯಲ್ಲಿ ದೊಡ್ಡದು ಕಾಯುತ್ತಿರುತ್ತದೆ. ಅಲ್ಲಿ ಹಗುರ ಜಿಗ್ ಹೆಡ್ಡಿಗೆ 3 ಇಂಚಿನ ಸಿಗಡಿ ಆಕಾರದ್ದು ಕಟ್ಟಿ ನೀರು ಎಳೆದ ಕಡೆಗೆ ಹೋಗಲು ಬಿಡಿ. ನೀವು ಎಳೆಯುವ ಕೆಲಸ ಕಡಿಮೆ.

ಉಳಿದ ಹೆಸರುಗಳು ಬೇಗ ಮುಗಿಯುತ್ತವೆ. ಡ್ರಾಪ್ ಶಾಟ್‌ನಲ್ಲಿ ತೂಕದ ಗುಂಡು ಕೆಳಗೆ, ಹುಕ್ ಮೇಲೆ. ದೋಣಿಯಿಂದಲೋ ಜೆಟ್ಟಿಯಿಂದಲೋ ನೇರ ಕೆಳಗೆ ಬಿಡುವುದಕ್ಕೆ ಚೆನ್ನ. ದಡದಿಂದ ದೂರ ಎಸೆದಾಗ ದಾರ ಓರೆಯಾಗಿ ಹುಕ್ ಅಡಿಗೇ ಹತ್ತಿರ ಬಂದುಬಿಡುತ್ತದೆ, ಆಗ ಆ ಕಟ್ಟಿಗೆ ಅರ್ಥವೇ ಇಲ್ಲ. ಕೆರೊಲಿನಾದಲ್ಲಿ ಗುಂಡಿಗೂ ಹುಕ್ಕಿಗೂ ನಡುವೆ ಒಂದೋ ಎರಡೋ ಅಡಿ ಉದ್ದದ ದಾರ ಇರುತ್ತದೆ. ಅಳಿವೆ ಬಾಯಿಯ ಮರಳಿನಲ್ಲಿ ಕಾಣೆ ಮೀನು ಹಿಡಿಯಬೇಕು ಅಂತಿದ್ದರೆ ಸಣ್ಣ ಹುಕ್, ಸಣ್ಣ ಹುಳದಂಥ ಲ್ಯೂರ್ ಕಟ್ಟಿ ನಿಧಾನ ಎಳೆದು ನೋಡಿ. ನೆಡ್ ರಿಗ್ ಅಂದರೆ ಸಣ್ಣ ಜಿಗ್ ಹೆಡ್ಡಿಗೆ ಗಿಡ್ಡ ಲ್ಯೂರ್, ಅದರ ಹುಕ್ ಸಾಮಾನ್ಯವಾಗಿ ತೆಳು, ಬ್ಯಾರಮಂಡಿ ಇರುವ ಕಡೆ ನನಗೆ ಧೈರ್ಯ ಬರುವುದಿಲ್ಲ. ಟೆಕ್ಸಾಸ್‌ನಲ್ಲಿ ಮೊನೆ ರಬ್ಬರಿನಲ್ಲಿ ಅಡಗಿರುತ್ತದೆ, ಗುಂಡು ಲ್ಯೂರಿನ ಮುಂದೆ ದಾರದ ಮೇಲೆ ಜಾರುತ್ತದೆ. ಒಳ್ಳೆಯ ರಿಗ್, ಆದರೆ ಹೊಟ್ಟೆ ಸೀಸದ ಹುಕ್ ಇದ್ದ ಮೇಲೆ ಬೇರಿನ ಅಂಚಿನಲ್ಲಿ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಕಟ್ಟಿದರೆ ಗುಂಡಿನ ತೂತಿಗೆ ಟೂತ್‌ಪಿಕ್ ಮುರಿದು ತುರುಕಿ, ಇಲ್ಲದಿದ್ದರೆ ಗುಂಡು ಬೇರಿನ ಒಂದು ಕಡೆ, ಲ್ಯೂರ್ ಇನ್ನೊಂದು ಕಡೆ ಆಗುತ್ತದೆ.

ಟೆಕ್ಸಾಸ್ ಹುಕ್ಕಿಗೆ ನಿಜವಾದ ಕೆಲಸ ಇರುವುದು ಒಳನಾಡಿನ ಕೆರೆಯಲ್ಲಿ. ಅಂತರಗಂಗೆ, ತಾವರೆ ಎಲೆ ತುಂಬಿದ ಕೆರೆಯಲ್ಲಿ ಮುರಲ್ (ಹಾವಿನಂಥ ತಲೆಯ ಮೀನು) ಹಿಡಿಯುವಾಗ ಗುಂಡೇ ಹಾಕದೆ ಬರೀ ಹುಕ್, ಲ್ಯೂರ್ ಕಟ್ಟಿ ಎಲೆಯ ಮೇಲೆ ಎಳೆದು ಸಂದಿಗೆ ಜಾರಿಸಬಹುದು. ಹೊಡೆದ ಕೂಡಲೇ ಎಳೆಯಬೇಡಿ, ಅರೆ ಕ್ಷಣ ಬಿಟ್ಟು ಜೋರಾಗಿ ಎಳೆಯಿರಿ. ತುಂಬಾ ಕೆರೆಗಳನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿರುತ್ತಾರೆ, ಕೇಳಿಕೊಂಡೇ ಹೋಗಿ.

ಕೊಳ್ಳುವಾಗ ಹುಕ್ಕಿನ ತಂತಿ ನೋಡಿ. ಅಗ್ಗದ ಜಿಗ್ ಹೆಡ್ಡಿನ ತೆಳು ಹುಕ್ಕನ್ನು ಒಳ್ಳೆಯ ಜ್ಯಾಕ್ ಒಂದೇ ಎಳೆತಕ್ಕೆ ನೆಟ್ಟಗೆ ಮಾಡಿಬಿಡುತ್ತದೆ. ಬ್ರೇಡ್ (ಹೆಣೆದ ದಾರ) 20ರಿಂದ 30 ಪೌಂಡ್, ಅದರ ತುದಿಗೆ 40 ಪೌಂಡಿನ ಲೀಡರ್ (ಹುಕ್ಕಿನ ಕಡೆಯ ತುಂಡು ದಾರ) ಕಟ್ಟಿ. ಬ್ಯಾರಮಂಡಿಯ ಕಿವಿರಿನ ಅಂಚು ಬ್ಲೇಡ್ ಇದ್ದಂತೆ, ತೆಳು ಲೀಡರ್ ಉಳಿಯುವುದಿಲ್ಲ. ನಿಮ್ಮ ಕೈಯೂ ಅಲ್ಲಿಗೆ ಹೋಗದಿರಲಿ.

ಈ ತಿಂಗಳ ಖರ್ಚಿಗೆ ಇಷ್ಟು ಸಾಕು: 5, 7, 10, 14 ಗ್ರಾಂ ಜಿಗ್ ಹೆಡ್ ನಾಲ್ಕು ನಾಲ್ಕು, ಹೊಟ್ಟೆ ಸೀಸದ 4/0 ಹುಕ್ ಎರಡು ತೂಕದಲ್ಲಿ, 4 ಇಂಚಿನ ಪ್ಯಾಡಲ್ ಟೇಲ್ (ಅಗಲ ಬಾಲದ ರಬ್ಬರ್ ಮೀನು) ಒಂದು ಪ್ಯಾಕೆಟ್, ಸಿಗಡಿ ಆಕಾರದ್ದು ಒಂದು ಪ್ಯಾಕೆಟ್. ತುಂಬಾ ಹಿಗ್ಗುವ ಎಲಾಜ್‌ಟೆಕ್ ಜಾತಿಯ ಲ್ಯೂರ್ ತಂದರೆ ಅದನ್ನು ಮಾಮೂಲಿ ರಬ್ಬರ್ ಲ್ಯೂರ್ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ಎರಡೂ ಕರಗಿ ಅಂಟಿಕೊಳ್ಳುತ್ತವೆ. ಇನ್ನು ಲ್ಯೂರಿನ ಬಾಲ ಕತ್ತರಿಸಿದ ಹಾಗೆ ಮಾಯವಾಗಲು ಶುರುವಾದರೆ ಪಫರ್ ಮೀನು ಬಂದಿದೆ ಅಂತ ಅರ್ಥ. ಆಗ ಯಾವ ರಿಗ್ ಕಟ್ಟಿದರೂ ಅಷ್ಟೇ. ಗಟ್ಟಿ ಲ್ಯೂರ್ ಇದ್ದರೆ ಅದನ್ನು ಹಾಕಿ, ಇಲ್ಲವೇ ಜಾಗ ಬದಲಿಸಿ.